ಬೈಗುಳ ನುಂಗಿದ ಜಪಮಾಲೆ

ಹೆಸರು ಹಾಕಬಾರದೆಂದು ಅಪ್ಪಣೆಯಾಗಿದೆ. "ಬರಿ, ಬೇಡ ಅನ್ನೋದಿಲ್ಲ. ಹೆಸರು ಹಾಕಿದ್ರೆ ಮಾತ್ರ ಸಂಪಾಜೆಯಿಂದ ಬಸ್ಸು ಹತ್ತಿ ಬಂದು ಕಿವಿ ಹಿಂಡ್ತೇನೆ" ಎಂದಿದ್ದಾರೆ. ಅವರು ಬಸ್ಸು ಹತ್ತುವವರೇ. ಆದ್ದರಿಂದ ಇಲ್ಲಿ ಅವರು ಬರೀ ಟೀಚರ್. ಕುಶಾಲನಗರದ ಸುತ್ತಮುತ್ತ ನನ್ನ ವಯಸ್ಸಿನವರು ನಾಲ್ಕು ಜನ ಕೂತಿರುವಲ್ಲಿ ಆ ಒಂದು ಪದವನ್ನು ತಕ್ಕ ಧಾಟಿಯಲ್ಲಿ ಹೇಳಿದರೆ ಸಾಕು, ನಾಲ್ವರ ಬೆನ್ನೂ ನೆಟ್ಟಗಾಗುತ್ತದೆ. ಅವರು ನಮಗೆ ಪಿ.ಟಿ. ಕಲಿಸಿದವರು.

ಮೊನ್ನೆ ಆಗಸ್ಟ್ ಕೊನೆಗೆ ನಿವೃತ್ತರಾದರು. ಬೀಳ್ಕೊಡುಗೆ ಸಮಾರಂಭದಲ್ಲಿ ಹಳೆಯ ವಿದ್ಯಾರ್ಥಿಗಳ ಪರವಾಗಿ ಎರಡು ಮಾತಾಡು ಎಂದು ನನ್ನನ್ನು ವೇದಿಕೆಗೆ ತಳ್ಳಿದರು. ಆ ಎರಡು ಮಾತನ್ನೂ ನಾನು ಟೀಚರ ಸ್ವರದಲ್ಲೇ ಆಡಿ, ಚಪ್ಪಾಳೆ ಗಿಟ್ಟಿಸಿಕೊಂಡು, ಪಲಾವ್ ತಿಂದು ಮನೆಗೆ ಬಂದೆ. ಅಲ್ಲಿ ಹೇಳದೆ ನುಂಗಿಕೊಂಡದ್ದು ಇಲ್ಲಿದೆ.

ನನ್ನ ಕಸುಬು ಮೈಕ್‌ಸೆಟ್ಟು. ಮದುವೆ, ನಾಮಕರಣ, ಕಬಡ್ಡಿ ಪಂದ್ಯ, ಯಾವುದಕ್ಕೆ ಬೇಕಾದರೂ ಡಬ್ಬ ಹೊತ್ತು ಹೋಗುತ್ತೇನೆ. ಡಬ್ಬದ ಜೊತೆಗೆ ಮಿಮಿಕ್ರಿ ಉಚಿತ. ಎಂ.ಎಲ್.ಎ. ಕೆಮ್ಮು, ಕಾಫಿ ಎಸ್ಟೇಟಿನ ರೈಟರ್ ಆಳುಗಳ ಲೈನ್‌ಮನೆಗಳ ಮುಂದೆ ನಿಂತು ಹಣ್ಣು ಕೊಯ್ಯುವ ಪಿಕಿಂಗಿಗೆ ಕರೆಯುವ ಕೂಗು, ಮಡಿಕೇರಿ ಬಸ್ಸಿನ ಕಂಡಕ್ಟರ್, ಕೆಟ್ಟುಹೋದ ಮಿಕ್ಸಿ, ಎಲ್ಲವೂ ಬರುತ್ತವೆ. ನನ್ನ ಸ್ವರ ಯಾವುದು ಎಂದು ಮಾತ್ರ ನನಗೇ ಖಾತ್ರಿಯಿಲ್ಲ. ಹೋದ ವರ್ಷ ಹೆಣ್ಣು ನೋಡಲು ಹೋದಲ್ಲಿ ಹುಡುಗಿ ಒಂದೇ ಪ್ರಶ್ನೆ ಕೇಳಿದಳು: "ಈಗ ಮಾತಾಡ್ತಿರೋದು ಯಾರು?" ಆ ಸಂಬಂಧ ಅಲ್ಲಿಗೇ ಮುಗಿಯಿತು.

ನಾನು ಮೊಟ್ಟಮೊದಲು ಕದ್ದ ಸ್ವರ ಟೀಚರದ್ದು. ಅದು ಸಾಮಾನ್ಯ ಸ್ವರವಲ್ಲ. ಮೈದಾನದ ಈ ತುದಿಯಲ್ಲಿ "ಸಾವಧಾನ್" ಎಂದರೆ ಆ ತುದಿಯ ಬೇಲಿಯಾಚೆ ಮೇಯುವ ಎಮ್ಮೆಯೂ ಕಾಲು ಜೋಡಿಸುತ್ತಿತ್ತು. ಡ್ರಿಲ್ ಮಾಡಿಸುವಾಗ ಉಸಿರಿನ ಪಾಠ ಬರುತ್ತಿತ್ತು: "ಉಸಿರು ಎಳ್ಕೊ. ಈಗ ಬಿಡು. ಬಿಡು ಮಾರಾಯ, ಎಂತ ಅದನ್ನ ಬಡ್ಡಿಗೆ ಬಿಡ್ಲಿಕ್ಕೆ ಇಟ್ಕೊಂಡಿದ್ದೀಯಾ?" ಎಂಟನೇ ಕ್ಲಾಸಿನಲ್ಲಿ ಒಂದು ದಿನ ನಾನು ನೀರಿನ ಟ್ಯಾಂಕಿನ ಹಿಂದೆ ಅವಿತು ಅವರ ಸ್ವರದಲ್ಲಿ "ವಿಶ್ರಾಮ್" ಎಂದೆ. ಇಡೀ ಶಾಲೆ ಕಾಲು ಅಗಲಿಸಿ ನಿಂತಿತು. ಟೀಚರ್ ಬಂದು ನನ್ನ ಕಾಲರ್ ಹಿಡಿದು ಎಲ್ಲರ ಮುಂದೆ ನಿಲ್ಲಿಸಿದರು. ಏಟು ಬೀಳುತ್ತದೆಂದು ಕಣ್ಣು ಮುಚ್ಚಿದರೆ ಬಿದ್ದದ್ದು ಬೇರೆಯೇ. "ಚೆನ್ನಾಗಿತ್ತು. ಈಗ ನಿನ್ನ ಸ್ವರದಲ್ಲಿ ಹೇಳು" ಎಂದರು. ನನ್ನ ಬಾಯಿಂದ ಬಂದದ್ದು ಒದ್ದೆ ಪಟಾಕಿಯ ಸದ್ದು. ಎಮ್ಮೆ ತಲೆಯೆತ್ತಿಯೂ ನೋಡಲಿಲ್ಲ.

ಇಂಥ ಸ್ವರ ಕೆಟ್ಟಿತು. ಈ ವರ್ಷ ಬೇಸಗೆ ರಜೆಗೆ ಮುಂಚೆ ಗಂಟಲು ಗೊರಗೊರ ಎನ್ನತೊಡಗಿ, ಮೈಸೂರಿನ ಡಾಕ್ಟರು ಗಂಟಲಿನಲ್ಲಿ ಗಂಟು ಬೆಳೆದಿದೆ ಎಂದು ಆಪರೇಷನ್ ಮಾಡಿದರು. ಆಮೇಲೆ ಹೇಳಿದ್ದೇ ದೊಡ್ಡ ಶಿಕ್ಷೆ: ತಾನು ಹೇಳುವವರೆಗೆ ಮಾತಿಲ್ಲ. ಪಿಸುಮಾತೂ ಇಲ್ಲ. ವಿಷಲ್ ಕೂಡ ಊದುವಂತಿಲ್ಲ. ಟೀಚರ್ ಕೆಲವು ದಿನ ತಡೆದುಕೊಂಡರು. ಒಂದು ಬೆಳಿಗ್ಗೆ ಪಕ್ಕದ ಮನೆಯ ಆಡು ಬಂದು ಇವರ ಕರಿಬೇವಿನ ಗಿಡಕ್ಕೆ ಬಾಯಿ ಹಾಕಿತು. ಆಡಿಗೆ ಏನೂ ಆಗಲಿಲ್ಲ. ಟೀಚರ ಗಂಟಲು ಮತ್ತೆ ಊದಿಕೊಂಡಿತು. ಡಾಕ್ಟರು ಈ ಸಲ ಕನ್ನಡಕ ತೆಗೆದು ಹೇಳಿದರಂತೆ: "ಇನ್ನೊಂದು ಸಲ ಹೀಗೆ ಕಿರುಚಿದ್ರೆ ಇರೋದೂ ಉಳಿಯಲ್ಲ ಮೇಡಂ."

ಇದನ್ನೆಲ್ಲ ನನಗೆ ಹೇಳಿದವರು ಟೀಚರ ತಂಗಿ. ಆಗ ಇಬ್ಬರೂ ಬೈಪಾಸಿನ ಹತ್ತಿರ ಒಂದೇ ಮನೆಯಲ್ಲಿದ್ದರು, ಸಂಪಾಜೆಗೆ ಹೋದದ್ದು ನಿವೃತ್ತಿಯ ಮೇಲೆ. ನಾನು ನೋಡಲು ಹೋದಾಗ ಟೀಚರ್ ಜಗಲಿಯಲ್ಲಿ ಕೂತು, ತುಟಿ ಬಿಗಿಹಿಡಿದು, ಬೀದಿಯಲ್ಲಿ ತಪ್ಪಾಗಿ ನಡೆಯುವವರನ್ನೆಲ್ಲ ಕಣ್ಣಿನಲ್ಲೇ ತಿದ್ದುತ್ತಿದ್ದರು.

"ಅಕ್ಕನಿಗೆ ಒಂದೇ ಚಿಂತೆ ಮಾರಾಯ" ಎಂದರು ತಂಗಿ. "ಆಗಸ್ಟ್ ಹದಿನೈದಕ್ಕೆ ಪರೇಡ್ ಉಂಟಲ್ಲ, ಅದೇ ಅವಳದ್ದು ಕೊನೇದು. ಆ ತಿಂಗಳು ರಿಟೈರ್. ಕಮಾಂಡ್ ತಾನೇ ಕೊಡ್ಬೇಕು ಅಂತ. ಅಲ್ಲಿವರೆಗೆ ಬಾಯಿ ಮುಚ್ಚಿದ್ರೆ ಸ್ವರ ಬರ್ತದೆ. ಆದ್ರೆ ಇವಳ ಬಾಯಿ ಮುಚ್ಚಿಸೋದು ಯಾರು?"

ಟೀಚರ್ ಒಂದು ಅಂಗೈಯನ್ನು ಅಡ್ಡ ಹಿಡಿದು, ಇನ್ನೊಂದನ್ನು ಅದರ ಕೆಳಗೆ ನೆಟ್ಟಗೆ ತಾಗಿಸಿ ತೋರಿಸಿದರು. ನನಗೆ ಅರ್ಥವಾಯಿತು: ಟೈಮ್ ಔಟ್, ಮಾತು ನಿಲ್ಲಿಸು. ಬಾಯಿ ಹೋದ ಮೇಲೆ ಅವರು ಅಂಪೈರ್ ಸನ್ನೆಗಳಲ್ಲೇ ಸಂಸಾರ ನಡೆಸುತ್ತಿದ್ದರು. ಸಾರಿಗೆ ಉಪ್ಪು ಹೆಚ್ಚಾದರೆ ಫೌಲ್. ತಂಗಿಯ ಧಾರಾವಾಹಿ ಮುಗಿದು ಇವರ ಕ್ರಿಕೆಟ್ ಹಾಕಬೇಕಾದರೆ ಸರ್ವಿಸ್ ಚೇಂಜ್.

ಆಮೇಲೆ ಹೆಬ್ಬೆರಳಿನಿಂದ ತೋರುಬೆರಳಿನ ಮೇಲೆ ಏನನ್ನೋ ಹಿಂದಕ್ಕೆ ಜಾರಿಸುವಂತೆ ಮಾಡಿದರು. ಇದು ಯಾವ ಆಟದ ಸನ್ನೆಯೂ ಆಗಿರಲಿಲ್ಲ. ತಂಗಿಯೇ ಬಿಡಿಸಿ ಹೇಳಿದರು. ಬಸ್ಸಿನಲ್ಲಿ ಟೀಚರ ಪಕ್ಕ ಟಿಬೆಟನ್ ಅಜ್ಜಿಯೊಬ್ಬರು ಕೂತಿದ್ದರಂತೆ. ಅಕ್ಕಿ ಮೂಟೆ ಹೊತ್ತವನೊಬ್ಬ ಅಜ್ಜಿಯ ಕಾಲು ತುಳಿದೇ ಹೋದ. ಟೀಚರ್ ಬಾಯಿ ತೆರೆಯುವಷ್ಟರಲ್ಲಿ ಅಜ್ಜಿ ಅವನನ್ನು ನೋಡಿ, ಕೈಯ ಜಪಮಾಲೆಯಲ್ಲಿ ಒಂದು ಮಣಿ ಸರಿಸಿ, ಕಿಟಕಿಯ ಕಡೆ ತಿರುಗಿದರಂತೆ.

"ಆ ಸಾಮಾನು ಇವಳಿಗೂ ಬೇಕಂತೆ. ಕ್ಯಾಂಪಿಗೆ ಕರ್ಕೊಂಡು ಹೋಗು. ಅಲ್ಲಿ ಮಾತಾಡ್ಲಿಕ್ಕೆ ಒಂದು ಜನ ಬೇಕಲ್ಲ."

"ಯಾರ ಸ್ವರದಲ್ಲಿ ಮಾತಾಡ್ಲಿ ಟೀಚರ್?" ಎಂದೆ.

ಟೀಚರ್ ತಮ್ಮ ಎದೆಯ ಮೇಲೆ ಬೆರಳಿಟ್ಟು ತೋರಿಸಿದರು. ಅವಿತುಕೊಳ್ಳದೆ ಆ ಸ್ವರ ಬಳಸಲು ನನಗೆ ಸಿಕ್ಕ ಮೊದಲ ಪರವಾನಗಿ ಅದು.

ಹೊಳೆ ದಾಟಿದರೆ ಮೈಸೂರು ಜಿಲ್ಲೆ, ಅಲ್ಲಿಂದ ಸ್ವಲ್ಪ ಮುಂದೆ ಟಿಬೆಟನ್ ಕ್ಯಾಂಪು. ದೇವಸ್ಥಾನ ನೋಡಲು ಬಂದ ಪ್ರವಾಸಿಗಳ ಗದ್ದಲದಲ್ಲಿ ಟೀಚರ್ ಎಡಕ್ಕಿರುವ ಹತ್ತು ಅಂಗಡಿ ಬಿಟ್ಟು, ಮೂಲೆಯ ಒಂದು ಸಣ್ಣ ಅಂಗಡಿಯ ಮುಂದೆ ನಿಂತುಬಿಟ್ಟರು. ಒಳಗೆ ಸ್ಟೂಲಿನ ಮೇಲೆ ಕೂತು ದಾರಕ್ಕೆ ಮಣಿ ಪೋಣಿಸುತ್ತಿದ್ದವರನ್ನು ನೋಡಿ ನಾನೂ ನಿಂತೆ. ಕೋಚ್. ಕ್ಯಾಂಪಿನ ಶಾಲೆಯಲ್ಲಿ ಆಟ ಕಲಿಸುತ್ತಿದ್ದ ಇವರಿಗೂ ನಮ್ಮ ಟೀಚರಿಗೂ ಪಂದ್ಯಾವಳಿಗಳಲ್ಲಿ ನಡೆಯುತ್ತಿದ್ದ ಜಗಳ ನೋಡಲೆಂದೇ ನಾವು ಬಿಸಿಲಲ್ಲಿ ಕೂರುತ್ತಿದ್ದೆವು. ರಿಟೈರಾದ ಮೇಲೆ ಮಗಳ ಅಂಗಡಿಯಲ್ಲಿ ಕೂತಿದ್ದರು. ಕ್ಯಾಂಪಿನಲ್ಲೇ ಹುಟ್ಟಿದವರು, ಪ್ರವಾಸಿಗಳು ಹಿಂದಿಯಲ್ಲಿ ಕೇಳಿದರೆ "ಕನ್ನಡ ಬರಲ್ವಾ ನಿಮಗೆ?" ಎನ್ನುವವರು.

"ಬನ್ನಿ ಅಕ್ಕ" ಎಂದರು. "ವಿಷಯ ಗೊತ್ತಾಯ್ತು. ಮಾತಾಡೋ ಹಾಗಿಲ್ಲವಂತೆ. ಇಷ್ಟು ವರ್ಷ ಆದ ಮೇಲೆ ನಾನು ಪೂರ್ತಿ ಒಂದು ವಾಕ್ಯ ಮುಗಿಸೋ ಕಾಲ ಬಂತು, ನೋಡಿ."

ಟೀಚರ್ ಫೌಲ್ ಸನ್ನೆ ಮಾಡಿದರು.

ಮಾಲೆಗಳು ಗೋಡೆಯ ತುಂಬ ತೂಗುತ್ತಿದ್ದವು. ಸ್ಫಟಿಕ, ಶ್ರೀಗಂಧ, ರಕ್ತಚಂದನ, ಕಮಲದ ಬೀಜ, ಹಿಮಾಲಯದ ಯಾಕ್ ಎತ್ತಿನ ಮೂಳೆ, ರುದ್ರಾಕ್ಷಿ. ಟೀಚರ್ ನೇರ ಅತಿ ಹೊಳೆಯುವ ಸ್ಫಟಿಕದ ಮಾಲೆಗೆ ಬೆರಳು ತೋರಿಸಿದರು. ಶೀಲ್ಡು, ಕಪ್ಪು, ಮೆಡಲು ನೋಡಿ ಬೆಳೆದ ಕಣ್ಣು. ಬಹುಮಾನದಂತಿರುವುದರ ಮೇಲೆಯೇ ಬೀಳುತ್ತದೆ.

"ಕಣ್ಣಿಂದ ಆರಿಸೋದು ಫೋಟೋಕ್ಕೆ" ಎಂದರು ಕೋಚ್. "ಇದನ್ನ ಕೈಯಿಂದ ಆರಿಸಬೇಕು. ಎಡಗೈ ಚಾಚಿ. ಮಾಲೆ ಬೆರಳ ಮೇಲೆ ಇರಲಿ, ಹೆಬ್ಬೆರಳಲ್ಲಿ ನಿಮ್ಮ ಕಡೆಗೆ ಎಳ್ಕೊಳ್ಳಿ. ಒಂದು ಉಸಿರಿಗೆ ಒಂದು ಮಣಿ. ಮಂತ್ರ ಬೇಕಾದರೆ ಮನಸ್ಸಿನಲ್ಲಿ ಹೇಳ್ಕೊಳ್ಳಿ, ಬೇಡವಾದರೆ ಉಸಿರು ನೋಡ್ಕೊಂಡಿರಿ. ಉಸಿರು ಬಂತು, ಹೋಯ್ತು, ಅಷ್ಟೇ."

ನನಗೆ ತಡೆಯಲಾಗಲಿಲ್ಲ. "ಬಿಡು ಮಾರಾಯ, ಎಂತ ಅದನ್ನ ಬಡ್ಡಿಗೆ ಬಿಡ್ಲಿಕ್ಕೆ ಇಟ್ಕೊಂಡಿದ್ದೀಯಾ?" ಎಂದೆ, ಟೀಚರ ಸ್ವರದಲ್ಲಿ. ಕೋಚ್ ಬೆಚ್ಚಿಬಿದ್ದು ಟೀಚರ ತುಟಿ ನೋಡಿದರು, ಆಮೇಲೆ ನನ್ನನ್ನು, ಆಮೇಲೆ ಹೊಟ್ಟೆ ಹಿಡಿದು ನಕ್ಕರು. "ಹಂಗಾದ್ರೆ ನಿಮ್ಮ ಟೀಚರ್ ಇಷ್ಟು ವರ್ಷ ಧ್ಯಾನವನ್ನೇ ಕಲಿಸಿದ್ದಾರೆ ಕಣಪ್ಪಾ. ಬೈದು ಕಲಿಸಿದ್ದಾರೆ, ಅಷ್ಟೇ."

ಕೋಚಿಗೆ ಮಾಲೆ ಕೊಡುವ ಒಂದು ಕ್ರಮವಿತ್ತು. ಕೊಳ್ಳಲು ಬಂದವರ ಕೈಗೆ ಮಾಲೆ ಕೊಟ್ಟು, ಅವರಿಗೆ ಸಿಟ್ಟು ಬರುವಂಥ ಒಂದು ಮಾತು ಹೇಳುವುದು. ಹೇಳಿ ಕೈ ನೋಡುವುದು. "ಸಮಾಧಾನದಲ್ಲಿರುವಾಗ ಎಲ್ಲ ಮಾಲೆಯೂ ಚಂದವೇ" ಎನ್ನುತ್ತಿದ್ದರು. ಗಿರಾಕಿಗಳು ಅರ್ಧಕ್ಕರ್ಧ ಎದ್ದು ಹೋಗುತ್ತಿದ್ದುದರಲ್ಲಿ ಆಶ್ಚರ್ಯವಿಲ್ಲ. ಮಗಳು ಇವರನ್ನು ಅಂಗಡಿಯಲ್ಲಿ ಹೆಚ್ಚು ಹೊತ್ತು ಬಿಡುತ್ತಿರಲಿಲ್ಲ.

ಮೊದಲು ಸ್ಫಟಿಕ ಕೊಟ್ಟರು. "ನಿಮ್ಮ ಶಾಲೆ ಮೈದಾನದಲ್ಲಿ ಆಡೋದಕ್ಕಿಂತ ನಾಟಿ ಮಾಡಿದ ಗದ್ದೆಯಲ್ಲಿ ಆಡೋದು ಮೇಲು, ಅಲ್ವಾ ಅಕ್ಕ?"

ಸ್ಫಟಿಕ ಕಟಕಟ ಎಂದಿತು. "ಜಾರುತ್ತೆ, ಸದ್ದೂ ಮಾಡುತ್ತೆ. ಬೇಡ" ಎಂದು ಕೋಚ್ ಕಿತ್ತುಕೊಂಡರು.

ಶ್ರೀಗಂಧ ಕೊಟ್ಟರು. "ನಿಮ್ಮ ಹುಡುಗಿಯರು ಸರ್ವಿಸ್ ಮಾಡೋದು ಕಲಿತಿದ್ದೇ ನಮ್ಮವರನ್ನ ನೋಡಿ."

ಟೀಚರ ಮುಷ್ಟಿ ಹೇಗೆ ಬಿಗಿಯಿತೆಂದರೆ ಗಂಧ ತೇಯುವ ಕಲ್ಲೇ ಬೇಕಾಗಲಿಲ್ಲ, ಅಂಗಡಿಯೆಲ್ಲ ಪರಿಮಳ. "ಇದು ಮೂಗನ್ನ ಎಳ್ಕೊಂಡು ಹೋಗುತ್ತೆ. ಬೇಡ."

ಮೂರನೆಯದನ್ನು ಗೋಡೆಯಿಂದಲ್ಲ, ಡ್ರಾಯರಿನಿಂದ ತೆಗೆದರು. ಬೋಧಿ ಬೀಜದ ಮಾಲೆ. ಹೊಳಪಿಲ್ಲ, ಬಣ್ಣವಿಲ್ಲ, ಬಿಸಿಲಿಗೆ ಒಣಗಿಸಿದ ಕಾಫಿ ಬೀಜದ ಹಾಗೆ ಪೇಲವ. ಅಲ್ಲಲ್ಲಿ ಸಣ್ಣ ಚುಕ್ಕೆ. ಮಣಿಗಳ ನಡುವೆ ದಾರ ಸ್ವಲ್ಪ ಸಡಿಲ, ಒಂದು ಮಣಿ ಸರಿದದ್ದು ಬೆರಳಿಗೆ ಗೊತ್ತಾಗುವಷ್ಟು. ತುದಿಯಲ್ಲಿ ಒಂದು ದೊಡ್ಡ ಮಣಿ. "ಇದು ಗುರುಮಣಿ. ಇಲ್ಲಿಗೆ ಬಂದ ಮೇಲೆ ದಾಟಬಾರದು. ಮಾಲೆ ತಿರುಗಿಸಿ ಬಂದ ದಾರಿಯಲ್ಲೇ ವಾಪಸ್. ನಿಮಗೆ ಇದೇ ಕಷ್ಟ ಅಕ್ಕ, ನೀವು ಲೈನ್ ದಾಟೋ ಪೈಕಿ."

ಟೀಚರ ಕೈಗೆ ಅದನ್ನು ಕೊಟ್ಟು, ಕೋಚ್ ಸ್ಟೂಲನ್ನು ಒಂದಿಷ್ಟು ಹಿಂದಕ್ಕೆ ಸರಿಸಿಕೊಂಡರು. ಆಗಲೇ ನನಗೆ ಗೊತ್ತಾಯಿತು, ಏನು ಬರಲಿದೆಯೆಂದು.

"ಆ ವರ್ಷದ ಥ್ರೋಬಾಲ್ ಫೈನಲ್" ಎಂದರು. "ಕೊನೇ ಪಾಯಿಂಟು. ನಿಮ್ಮ ಹುಡುಗಿ ಎಸೆದ ಬಾಲ್ ಹೊರಗೆ ಬಿತ್ತು. ಒಂದು ಗೇಣು ಹೊರಗೆ. ನೀವು ಲೈನಿನ ಹತ್ತಿರಾನೇ ನಿಂತಿದ್ರಿ. ನೀವು ಕಿರುಚಿದ್ದಕ್ಕೆ ಆ ಅಂಪೈರ್ ಹುಡುಗ ಹೆದರಿ ಪಾಯಿಂಟ್ ಕೊಟ್ಟ."

ಆ ಬಾಲಿನ ಕಥೆ ನಮ್ಮ ಶಾಲೆಯಲ್ಲಿ ಪುರಾಣವಿದ್ದ ಹಾಗೆ. ಶೀಲ್ಡ್ ಇವತ್ತೂ ಹೆಡ್‌ಮಾಸ್ಟರ ಬೀರುವಿನ ಮೇಲಿದೆ. ಶಾಲೆಯ ಮಾನ ನನ್ನ ಕೊರಳಲ್ಲಿದೆ ಎನ್ನಿಸಿ, ಅವತ್ತು ಟೀಚರ್ ಕೂಗಿದ್ದನ್ನು ಒಂದಕ್ಷರ ಬಿಡದೆ, ಅದೇ ಎತ್ತರದಲ್ಲಿ ಕೂಗಿದೆ: "ಲೈನಿಗೆ ತಾಗಿದೆ ಕೋಚೇ. ನಿಮ್ಮ ಕಣ್ಣು ಎಂತ ಮನೆಯಲ್ಲಿ ಬಿಟ್ಟು ಬಂದಿದ್ದೀರಾ? ಅಂಪೈರ್ ತೀರ್ಮಾನವೇ ತೀರ್ಮಾನ. ಮುಗೀತು."

ಹೊರಗೆ ಐಸ್‌ಕ್ರೀಮ್ ತಿನ್ನುತ್ತಿದ್ದ ಪ್ರವಾಸಿಗಳ ಸಾಲು ತಾನಾಗಿ ನೆಟ್ಟಗಾಯಿತು. ಟೀಚರ್ ನಿಧಾನವಾಗಿ ನನ್ನ ಕಡೆ ತಿರುಗಿದರು. ಮೆಚ್ಚುತ್ತಾರೆಂದು ನಾನು ಹಲ್ಲು ಕಿರಿದುಕೊಂಡು ಕಾದೆ. ಅವರು ಬಲಗೈಯಿಂದ ನನ್ನ ಬಾಯಿ ಮುಚ್ಚಿದರು. ಅವರ ಮುಖ, ಟೇಪ್ ರೆಕಾರ್ಡರಿನಲ್ಲಿ ತಮ್ಮದೇ ಗೊರಕೆ ಕೇಳಿದವರ ಮುಖದ ಹಾಗಿತ್ತು.

ಕೋಚ್ ನಮ್ಮಿಬ್ಬರನ್ನೂ ನೋಡುತ್ತಿರಲಿಲ್ಲ. ಟೀಚರ ಎಡಗೈ ನೋಡುತ್ತಿದ್ದರು. ಅದರಲ್ಲಿ ಮಾಲೆ ಅಲುಗಾಡದೆ ತೂಗುತ್ತಿತ್ತು.

"ಇದೇ" ಎಂದರು. "ಇದೇ ನಿಮ್ಮ ಮಾಲೆ. ಇಂಥ ಮಾತಿಗೂ ಕೈ ನಿಂತಿತು ನೋಡಿ. ನೆಲದ ಮೇಲೆ ಇಡಬೇಡಿ, ತೋರಿಸೋಕೆ ಕೊರಳಿಗೆ ಹಾಕ್ಕೊಂಡು ತಿರುಗಬೇಡಿ. ಕೈಯ ಎಣ್ಣೆ ಕುಡಿದು ಕುಡಿದು ಬಣ್ಣ ಅದಾಗೇ ಬರುತ್ತೆ."

ಜೂನಿನಲ್ಲಿ ಶಾಲೆ ತೆರೆಯಿತು. ಟೀಚರ್ ಮಾಲೆ ಹಿಡಿದೇ ಮೈದಾನಕ್ಕಿಳಿದರು. ಒಂದು ಉಸಿರಿಗೆ ಒಂದು ಮಣಿ ಎಂದು ಕೋಚ್ ಹೇಳಿದ್ದರೆ, ಇವರು ಅದನ್ನು ತಮ್ಮ ಅನುಕೂಲಕ್ಕೆ ತಿದ್ದಿಕೊಂಡು, ನುಂಗಿದ ಒಂದು ಬೈಗುಳಕ್ಕೆ ಒಂದು ಮಣಿ ಮಾಡಿಕೊಂಡರು. ಮಕ್ಕಳು ಎರಡೇ ವಾರದಲ್ಲಿ ಇದನ್ನು ಪತ್ತೆಹಚ್ಚಿದರು. ಟೀಚರ್ ನೋಡುತ್ತಾರೆ, ಹೆಬ್ಬೆರಳು ಸರಿಯುತ್ತದೆ, ಹುಡುಗ ಅಂಗಿಯ ಗುಂಡಿ ಹಾಕಿಕೊಳ್ಳುತ್ತಾನೆ. "ನಂಗೆ ಇವತ್ತು ಮೂರು ಮಣಿ ಕಣೋ" ಎಂದು ಹುಡುಗರು ಜಂಬ ಕೊಚ್ಚಿಕೊಳ್ಳುವುದನ್ನು ನಾನೇ ಕೇಳಿದ್ದೇನೆ. ಶುರುವಿನಲ್ಲಿ ಟೀಚರ್ ಮೊದಲನೇ ಪೀರಿಯಡ್ಡಿಗೇ ಗುರುಮಣಿ ಮುಟ್ಟಿ, ತಿರುಗಿಸಿ, ಮತ್ತೆ ಹೊರಡುತ್ತಿದ್ದರಂತೆ. ಜುಲೈ ಮಳೆ ಜೋರಾಗುವ ಹೊತ್ತಿಗೆ ಒಂದು ಸುತ್ತು ಸಂಜೆಯವರೆಗೆ ಬಾಳಿಕೆ ಬರತೊಡಗಿತು.

ಒಂದು ದಿನ ಅವರ ಮನೆಗೆ ಹೋದಾಗ ಪಕ್ಕದ ಮನೆಯ ಆಡು ಕರಿಬೇವಿನ ಗಿಡದ ಬುಡದಲ್ಲಿ ನಿಂತಿತ್ತು. ಜಗಲಿಯಲ್ಲಿ ಟೀಚರ್ ಅದನ್ನು ನೋಡುತ್ತಿದ್ದರು. ಮಾಲೆ ತೊಡೆಯ ಮೇಲೆ. ಬೆರಳು ಅಲುಗಾಡಲಿಲ್ಲ. ಉಸಿರು ಎಳೆದುಕೊಂಡರು, ಬಿಟ್ಟರು. ಎದ್ದು ಹೋಗಿ ಆಡಿನ ಕೊರಳಿನ ಹಗ್ಗ ಹಿಡಿದು, ಅದನ್ನು ಅದರ ಮನೆಗೆ ಬಿಟ್ಟು ಬಂದರು. ಆಡು ಎಷ್ಟು ಗಾಬರಿಗೊಂಡಿತ್ತೆಂದರೆ, ಬೈಸಿಕೊಂಡಿದ್ದರೆ ಅಷ್ಟು ಗಾಬರಿಯಾಗುತ್ತಿರಲಿಲ್ಲ.

ಡಾಕ್ಟರು ಸ್ವಲ್ಪ ಸ್ವಲ್ಪ ಮಾತಾಡಬಹುದು ಎಂದರು. ಬಂದ ಸ್ವರ ಹಳೆಯದಲ್ಲ. ಎಣ್ಣೆ ಕಾಣದ ಬಾಗಿಲಿನ ಕೀಲಿನ ಹಾಗೆ ತೆಳ್ಳಗೆ, ಸ್ವಲ್ಪ ಕಿರ್ ಎನ್ನುವ ಸ್ವರ. ಪರೇಡಿನ ಹಿಂದಿನ ದಿನ ಹೆಡ್‌ಮಾಸ್ಟರು ನನ್ನನ್ನು ಪಕ್ಕಕ್ಕೆ ಕರೆದರು.

"ನೋಡಪ್ಪಾ, ಮೇಡಂ ಸ್ವರ ಮುಂದಿನ ಸಾಲಿಗೂ ಮುಟ್ಟಲ್ಲ. ಅಧ್ಯಕ್ಷರು ಬರ್ತಾರೆ, ಮರ್ಯಾದೆ ಪ್ರಶ್ನೆ. ನೀನು ಸ್ಟೇಜಿನ ಹಿಂದೆ ಮೈಕ್ ಹಿಡ್ಕೊಂಡು ನಿಂತ್ಕೊ. ಮೇಡಂ ಬಾಯಿ ಆಡಿಸ್ಲಿ, ಕಮಾಂಡ್ ನೀನು ಕೊಡು."

"ಟೀಚರ್ ಒಪ್ಪಿದ್ದಾರಾ ಸಾರ್?"

"ಅವರಿಗೆ ಹೇಳ್ಬೇಡ. ಕೇಳಿದ ಮೇಲೆ ಖುಷಿಪಡ್ತಾರೆ."

ನಾನು ಒಪ್ಪಿದೆ. ಒಪ್ಪಿದ್ದಷ್ಟೇ ಅಲ್ಲ, ರಾತ್ರಿ ಜೀರಿಗೆ ಕಷಾಯ ಕುಡಿದು ಮಲಗಿದೆ. ನಮ್ಮ ಅವ್ವ ಹಾಸನದ ಕಡೆಯವಳು, "ಏನ್ಲಾ, ನಾಳೆ ನೀನೇನು ರಿಟೈರಾಯ್ತಿದ್ದೀಯಾ?" ಎಂದಳು.

ಬೆಳಿಗ್ಗೆ ಜಿನುಗು ಮಳೆ. ಶಾಮಿಯಾನದಡಿ ಅತಿಥಿಗಳು, ಮೈದಾನದಲ್ಲಿ ಮಕ್ಕಳು, ಗೇಟಿನ ಹತ್ತಿರ ಛತ್ರಿ ಹಿಡಿದ ಕೋಚ್. ಟೀಚರ್ ಬಿಳಿ ಸೀರೆಯುಟ್ಟು, ಎಡಗೈಗೆ ಮಾಲೆ ಸುತ್ತಿಕೊಂಡು ಕಟ್ಟೆ ಹತ್ತಿದರು. ನಾನು ಸ್ಟೇಜಿನ ಹಿಂದೆ ಮೈಕನ್ನು ತುಟಿಗೆ ತಂದೆ. ಅವರಿಗೆ ಹೇಗೆ ಗೊತ್ತಾಯಿತೋ. ಟ್ಯಾಂಕಿನ ಹಿಂದೆ ಅವಿತ ಹುಡುಗನನ್ನು ಒಮ್ಮೆ ಹಿಡಿದವರು, ಬಹುಶಃ ಅವಿತ ಜಾಗಗಳನ್ನೆಲ್ಲ ಮೊದಲು ನೋಡುವ ಅಭ್ಯಾಸ ಇಟ್ಟುಕೊಂಡಿರಬೇಕು. ತಿರುಗಿ ನೇರ ನನ್ನನ್ನೇ ನೋಡಿದರು. ಹೆಬ್ಬೆರಳು ಒಂದು ಮಣಿ ಸರಿಸಿತು. ಅಂಗೈಗೆ ಅಡ್ಡ ಅಂಗೈ: ಟೈಮ್ ಔಟ್.

ಮೈಕಿನ ಸ್ವಿಚ್ ಆಫ್ ಮಾಡಿದೆ. ಪಕ್ಕದಲ್ಲಿ ಹೆಡ್‌ಮಾಸ್ಟರು "ಅಯ್ಯೋ ದೇವ್ರೇ" ಎಂದದ್ದು ಕೇಳಿಸಿತು.

"ಸಾವಧಾನ್" ಎಂದರು ಟೀಚರ್.

ಮುಂದಿನ ಸಾಲಿಗೆ ಮಾತ್ರ ಕೇಳಿತು. ಆ ಸಾಲಿನ ಹಿಮ್ಮಡಿಗಳು ಕೂಡಿದವು. ಅದನ್ನು ಕೇಳಿ ಎರಡನೆಯ ಸಾಲು, ಅದನ್ನು ಕೇಳಿ ಮೂರನೆಯದು. ತೋಟದ ಮೇಲೆ ಶುರುವಾದ ಮಳೆ ಮರದಿಂದ ಮರಕ್ಕೆ ದೂರ ಸರಿಯುವ ಹಾಗೆ ಸದ್ದು ಮೈದಾನದ ಉದ್ದಕ್ಕೂ ಹಿಂದಕ್ಕೆ ಹೋಗಿ ಬೇಲಿ ಮುಟ್ಟಿತು. ಮೊದಲೆಲ್ಲ ಆ ಶಬ್ದ ಎಲ್ಲರ ತಲೆಯ ಮೇಲೆ ಒಟ್ಟಿಗೆ ಬೀಳುತ್ತಿತ್ತು. ಈ ಸಲ ಕೇಳಿಸಿಕೊಳ್ಳಲು ಇಡೀ ಮೈದಾನ ಉಸಿರು ಬಿಗಿಹಿಡಿದಿತ್ತು. ಎಮ್ಮೆಯ ವಿಷಯ ಗೊತ್ತಿಲ್ಲ. ನಾನಂತೂ ಕೈಯಲ್ಲಿ ಸತ್ತ ಮೈಕ್ ಹಿಡಿದು ಕಾಲು ಜೋಡಿಸಿ ನಿಂತಿದ್ದೆ.

ಸಿಹಿ ಹಂಚಿ ಮುಗಿದು ಕೋಚ್ ಹೊರಟುಹೋದ ಮೇಲೆ ಟೀಚರ್ ನನ್ನನ್ನು ಆಟದ ಸಾಮಾನಿನ ಕೋಣೆಗೆ ಕರೆದರು. ಬೈಗುಳಕ್ಕೆ ತಯಾರಾಗಿ ಹೋದೆ.

"ಕೋಚಿಗೆ ಫೋನ್ ಹಚ್ಚು" ಎಂದರು, ಹೊಸ ಸ್ವರದಲ್ಲಿ. "ನನ್ನ ಹಳೇ ಸ್ವರದಲ್ಲಿ ಹೇಳು, ಆ ಬಾಲ್ ಹೊರಗೆ ಬಿದ್ದಿತ್ತು ಅಂತ. ನಾನು ನೋಡಿದ್ದೆ ಅಂತ. ಅವತ್ತು ಕಿರುಚಿದ್ದು ಆ ಸ್ವರ. ಅದೇ ಒಪ್ಪಿಕೊಳ್ಳಲಿ."

ನಾನು ಅವರ ಮುಖ ನೋಡಿದೆ. ಬೀರುವಿನ ಮೇಲಿನ ಶೀಲ್ಡ್ ನೆನಪಾಯಿತು.

"ಅಂಗಡಿಯಲ್ಲಿ ಕೈ ನಿಂತಿತು ಅಂತ ಅವರು ಖುಷಿಪಟ್ಟರಲ್ಲ. ಅದು ಮಾಲೆಯ ಗುಣ ಅಲ್ಲ ಮಾರಾಯ. ಅವರು ಹೇಳಿದ್ದು ಸತ್ಯ. ನೀನು ಬೇರೆ ಪಕ್ಕದಲ್ಲಿ ನಿಂತು ನನ್ನ ಹಾಗೇ ಕಿರುಚಿದೆ. ನಾನು ಹಾಗಿದ್ದೆ ಅಂತ ನನಗೆ ಅವತ್ತೇ ಗೊತ್ತಾದ್ದು."

ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದೆ. ಗಂಟಲು ಸರಿಮಾಡಿಕೊಂಡು, ಬೇಲಿ ದಾಟುವ ಆ ಸ್ವರದಲ್ಲಿ ಹೇಳಿದೆ: "ಕೋಚೇ, ಆ ಫೈನಲ್ಲಿನ ಬಾಲ್ ಹೊರಗೆ ಬಿದ್ದಿತ್ತು. ನಾನು ನೋಡಿದ್ದೆ."

ಆ ಕಡೆಯಿಂದ ಕೋಚ್ ಹೇಳಿದರು: "ತಮ್ಮಾ, ಇನ್ನೂ ಪ್ರಾಕ್ಟೀಸ್ ಮಾಡು. ಆ ಸ್ವರದಲ್ಲಿ ಈ ಮಾತು ಬರಲ್ಲ."

ನನ್ನ ವೃತ್ತಿಜೀವನದಲ್ಲಿ ಇಷ್ಟು ನ್ಯಾಯವಾದ ವಿಮರ್ಶೆ ಬೇರೆ ಬಂದಿಲ್ಲ. ಟೀಚರ್ ಸದ್ದಿಲ್ಲದೆ ನಕ್ಕು, ನನ್ನ ಕೈಯಿಂದ ಫೋನ್ ತೆಗೆದುಕೊಂಡರು. ಕಿರ್ ಎನ್ನುವ ಆ ಸ್ವರದಲ್ಲಿ, ಅದೇ ಮಾತನ್ನು, ನಿಧಾನವಾಗಿ, ತಾವೇ ಹೇಳಿದರು.

"ಈಗ ಕೇಳಿತು ಅಕ್ಕ" ಎಂದರು ಕೋಚ್. ಆಮೇಲೆ ಕೋಚಿಗೆ ಅಂಗಡಿಯ ಲೆಕ್ಕ ನೆನಪಾಗಿರಬೇಕು. "ಹಂಗಾದ್ರೆ ಮಾಲೆ ಆರಿಸಿದ್ದು ತಪ್ಪಾಯ್ತಲ್ಲ. ನಿಮ್ಮ ಕೈ ನಿಂತಿದ್ದು ಬೇರೆ ಕಾರಣಕ್ಕೆ. ವಾಪಸ್ ತನ್ನಿ, ಸರಿಯಾಗಿ ನೋಡಿ ಬೇರೆ ಕೊಡ್ತೀನಿ."

ಟೀಚರ್ ಎಡಗೈಯ ಮಾಲೆ ನೋಡಿಕೊಂಡರು. ಒಂದು ಮಳೆಗಾಲದ ಬೈಗುಳವನ್ನೆಲ್ಲ ನುಂಗಿ ಅದು ಆಗಲೇ ತಿಳಿ ಜೇನಿನ ಬಣ್ಣಕ್ಕೆ ತಿರುಗಿತ್ತು. ಮಾಲೆಯ ಸಮೇತ ಮುಷ್ಟಿ ಮುಚ್ಚಿದರು.

"ಕೊಡೋದಿಲ್ಲ" ಎಂದರು. "ಅಂಪೈರ್ ತೀರ್ಮಾನವೇ ತೀರ್ಮಾನ."